ಟೈರ್ ಸೆನ್ಸರ್ ನೋಂದಣಿ ಕುರಿತ ಹಕ್ಕೊತ್ತಾಯ ಪತ್ರ

ಇವರಿಗೆ:
ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ ಹಾಗೂ ಗ್ರಾಹಕ ವ್ಯವಹಾರಗಳ ಇಲಾಖೆ, ಭಾರತ ಸರ್ಕಾರ, ನವದೆಹಲಿ

ಇವರಿಂದ:
ಕರ್ನಾಟಕದ ಕಾರು ಮಾಲೀಕರು, ಟ್ಯಾಕ್ಸಿ ಚಾಲಕರು, ಟೈರ್ ಅಂಗಡಿ ಮತ್ತು ಗ್ಯಾರೇಜ್ ನಡೆಸುವವರು

ಮಾನ್ಯರೇ,

ಚಕ್ರದೊಳಗಿನ ಪ್ರೆಷರ್ ಸೆನ್ಸರ್‌ನ ಬ್ಯಾಟರಿ ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ ಬಾಳುತ್ತದೆ. ಅದನ್ನು ಒಳಗೇ ಸೀಲ್ ಮಾಡಿರುವುದರಿಂದ ಬ್ಯಾಟರಿ ಮುಗಿದರೆ ಸೆನ್ಸರನ್ನೇ ಬದಲಿಸಬೇಕು. ಹೊಸ ಸೆನ್ಸರ್‌ಗೆ ಬೇರೆ ಗುರುತು ಸಂಖ್ಯೆ ಇರುತ್ತದೆ; ಅದನ್ನು ಕಾರಿನ ನಿಯಂತ್ರಣ ಕಂಪ್ಯೂಟರಿನಲ್ಲಿ (ಇಸಿಯು) ದಾಖಲಿಸುವವರೆಗೆ ಕಾರು ಆ ಸೆನ್ಸರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇಗ್ನಿಷನ್ ಆನ್ ಮಾಡಿದೊಡನೆ ಹಳದಿ ಎಚ್ಚರಿಕೆ ದೀಪ ಒಂದು ನಿಮಿಷದಷ್ಟು ಮಿನುಗಿ, ಆಮೇಲೆ ಉರಿಯುತ್ತಲೇ ಇರುತ್ತದೆ. ಅಷ್ಟರಲ್ಲಿ ನಿಜಕ್ಕೂ ಗಾಳಿ ಇಳಿದರೆ ಚಾಲಕರಿಗೆ ಎಚ್ಚರಿಕೆ ಸಿಗುವ ಭರವಸೆಯಿಲ್ಲ.

ಕೆಲವು ಕಾರುಗಳು ಸ್ವಲ್ಪ ದೂರ ಓಡಿದರೆ ಹೊಸ ಸೆನ್ಸರನ್ನು ತಾವೇ ಗುರುತಿಸಿಕೊಳ್ಳುತ್ತವೆ. ಉಳಿದವುಗಳಲ್ಲಿ ಸ್ಟೀರಿಂಗ್ ಕೆಳಗಿನ ತಪಾಸಣಾ (ಓಬಿಡಿ) ಪೋರ್ಟ್‌ಗೆ ಸ್ಕ್ಯಾನರ್ ಜೋಡಿಸಿ ಸಂಖ್ಯೆ ದಾಖಲಿಸಬೇಕು. ಆ ದಾರಿಗೆ ಕೆಲವು ಕಂಪನಿಗಳು ತಮ್ಮ ಸಾಫ್ಟ್‌ವೇರ್‌ನ ಬೀಗ ಜಡಿದಿವೆ. ಊರಿನ ಟೈರ್ ಅಂಗಡಿಯಲ್ಲಿ ಸೆನ್ಸರ್ ಹಾಕಿಸಿಕೊಂಡವರು ಕೆಲವೇ ನಿಮಿಷಗಳ ನೋಂದಣಿಗಾಗಿ ದೂರದ ಸರ್ವಿಸ್ ಸೆಂಟರ್‌ಗೆ ಹೋಗಿ, ‘ಹೊರಗೆ ಕೊಂಡದ್ದನ್ನು ನಾವು ಮುಟ್ಟುವುದಿಲ್ಲ’ ಎಂಬ ಉತ್ತರ ಕೇಳಿ ವಾಪಸಾಗಬೇಕಾಗಿದೆ.

ಟ್ಯೂಬ್‌ಲೆಸ್ ಟೈರ್, ರಿಪೇರಿ ಕಿಟ್ ಮತ್ತು ಗಾಳಿಯೊತ್ತಡದ ನಿಗಾ ವ್ಯವಸ್ಥೆ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದು 2020ರಲ್ಲಿ ನಿಯಮ ತಿದ್ದಿದವರು ನೀವು. 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದು, ವಾಹನಗಳನ್ನೂ ಅದರಲ್ಲಿ ಸೇರಿಸಿದವರೂ ನೀವೇ. ಬಿಡಿಭಾಗ ಮತ್ತು ತಪಾಸಣಾ ಉಪಕರಣಗಳನ್ನು ಹೊರಗಿನ ಗ್ಯಾರೇಜ್‌ಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರಲ್ಲೇ 14 ಕಾರು ಕಂಪನಿಗಳಿಗೆ ದಂಡ ವಿಧಿಸಿತ್ತು. ಬೀಗ ಮಾತ್ರ ಇನ್ನೂ ತೆರೆದಿಲ್ಲ. ಆದ್ದರಿಂದ ನಮ್ಮ ಹಕ್ಕೊತ್ತಾಯಗಳು:

1. ಇನ್ನು ಮುಂದೆ ಮಾರಾಟವಾಗುವ, ಚಕ್ರದೊಳಗೆ ಸೆನ್ಸರ್ ಇರುವ ಪ್ರತಿ ಕಾರಿನಲ್ಲೂ ಹೊಸ ಸೆನ್ಸರನ್ನು ಮಾಲೀಕರೇ ನೋಂದಾಯಿಸುವ ಸೌಲಭ್ಯವನ್ನು ಕಡ್ಡಾಯಗೊಳಿಸಬೇಕು.

2. ಈಗಾಗಲೇ ಮಾರಾಟವಾಗಿರುವ ಕಾರುಗಳಲ್ಲಿ ಓಬಿಡಿ ಮೂಲಕ ನೋಂದಾಯಿಸುವ ವಿಧಾನವನ್ನು ಎಲ್ಲ ಗ್ಯಾರೇಜ್‌ಗಳಿಗೂ ಶುಲ್ಕವಿಲ್ಲದೆ ತೆರೆದಿಡಬೇಕು.

3. ಸೆನ್ಸರ್‌ನ ಪಾರ್ಟ್ ನಂಬರ್, ಆವರ್ತನ (ಫ್ರೀಕ್ವೆನ್ಸಿ) ಮತ್ತು ನೋಂದಣಿಯ ಹಂತಗಳನ್ನು ಕಾರಿನ ಕೈಪಿಡಿಯಲ್ಲಿ ಕನ್ನಡವೂ ಸೇರಿದಂತೆ ಆಯಾ ರಾಜ್ಯದ ಭಾಷೆಯಲ್ಲಿ ಮುದ್ರಿಸಬೇಕು.

4. ಕಾರಿಗೆ ಹೊಂದುವ ಸೆನ್ಸರನ್ನು ಎಲ್ಲಿಯೇ ಕೊಂಡಿದ್ದರೂ ಸರ್ವಿಸ್ ಸೆಂಟರ್‌ಗಳು ನೋಂದಾಯಿಸಿಕೊಡಬೇಕು, ಆಗದಿದ್ದರೆ ಕಾರಣವನ್ನು ಜಾಬ್ ಕಾರ್ಡ್‌ನಲ್ಲೇ ಬರೆದುಕೊಡಬೇಕು.

5. ನೋಂದಣಿ ಶುಲ್ಕವನ್ನು ಗ್ರಾಹಕರಿಗೆ ಕಾಣುವಂತೆ ಫಲಕದಲ್ಲಿ ಹಾಕಬೇಕು, ಒಂದೇ ಸಲಕ್ಕೆ ಮುಗಿಯುವ ಕೆಲಸಕ್ಕೆ ಚಕ್ರದ ಲೆಕ್ಕದಲ್ಲಿ ನಾಲ್ಕು ಸಲ ಹಣ ಕೀಳಬಾರದು.

6. ಸರ್ವಿಸ್ ಸೆಂಟರ್ ತಾನೇ ಮಾರಿ ಜೋಡಿಸಿದ ಸೆನ್ಸರ್‌ನ ನೋಂದಣಿಗೆ ಪ್ರತ್ಯೇಕ ಹಣ ಪಡೆಯಬಾರದು, ಎಚ್ಚರಿಕೆ ದೀಪ ಆರುವ ಮುನ್ನ ಕಾರನ್ನು ಒಪ್ಪಿಸಬಾರದು.

7. ಟೈರ್ ಕೂರಿಸಿದ ಮೇಲೆ ಸೆನ್ಸರ್‌ನ ಗುರುತು ಸಂಖ್ಯೆ ಕಣ್ಣಿಗೆ ಕಾಣದ ಕಾರಣ, ಯಾವ ಚಕ್ರಕ್ಕೆ ಯಾವ ಸಂಖ್ಯೆ ಎಂಬುದನ್ನು ಬಿಲ್‌ನಲ್ಲಿ ನಮೂದಿಸಬೇಕು.

8. ಟೈರ್ ರೊಟೇಷನ್ ಮಾಡಿಸಿದಾಗ ಹಿಂದಿನ ಚಕ್ರದ ಒತ್ತಡವನ್ನು ಮುಂದಿನದೆಂದು ತೋರಿಸುವ ಕಾರುಗಳಲ್ಲಿ ಸ್ಥಾನ ಬದಲಿಸುವ ಅವಕಾಶವನ್ನು ಮಾಲೀಕರಿಗೆ ಕೊಡಬೇಕು.

9. ಹೊರಗಿನ ಸೆನ್ಸರ್‌ನಿಂದಲೇ ಹಾನಿಯಾಯಿತೆಂದು ಸಾಬೀತುಪಡಿಸದ ಹೊರತು ಯಾವ ಕಂಪನಿಯೂ ವಾರಂಟಿ ನಿರಾಕರಿಸಬಾರದು.

10. ಸ್ಟೆಪ್ನಿಯಿಲ್ಲದೆ ಕಾರು ಮಾರಿದ ಕಂಪನಿಗಳು ಆ ಮಾದರಿಯ ಮಾರಾಟ ನಿಂತ ಮೇಲೂ ಹತ್ತು ವರ್ಷ ಬದಲಿ ಸೆನ್ಸರ್ ಒದಗಿಸಬೇಕು.

11. ಐಟಿಐಗಳ ಮೋಟಾರು ಮೆಕ್ಯಾನಿಕ್ ತರಬೇತಿಯಲ್ಲಿ ಸೆನ್ಸರ್ ನೋಂದಣಿಯನ್ನು ಕಲಿಸಿ, ಅದಕ್ಕೆ ಬೇಕಾದ ಸ್ಕ್ಯಾನರ್‌ಗಳನ್ನು ಒದಗಿಸಬೇಕು.

12. ಈ ನಿಯಮಗಳನ್ನು ಮುರಿದವರ ಮೇಲಿನ ದೂರನ್ನು 30 ದಿನಗಳೊಳಗೆ ಇತ್ಯರ್ಥಪಡಿಸಿ, ಗ್ರಾಹಕರ ಓಡಾಟದ ಖರ್ಚನ್ನು ಕಂಪನಿಯಿಂದಲೇ ಕೊಡಿಸಬೇಕು.

ಸೆನ್ಸರ್‌ಗೆ ಹಣ ಕೊಟ್ಟವರು ನಾವು, ಕಾರು ನಮ್ಮ ಹೆಸರಿನಲ್ಲಿದೆ. ಒಂದನ್ನು ಇನ್ನೊಂದಕ್ಕೆ ಜೋಡಿಸಲು ಮೂರನೆಯವರ ಅಪ್ಪಣೆ ಬೇಕಿಲ್ಲ. ಈ ಪತ್ರ ತಲುಪಿದ 60 ದಿನಗಳೊಳಗೆ ಪ್ರತಿ ಹಕ್ಕೊತ್ತಾಯಕ್ಕೂ ಪ್ರತ್ಯೇಕವಾಗಿ ಲಿಖಿತ ಉತ್ತರ ಕೊಡಬೇಕು. ‘ಪರಿಶೀಲನೆಯಲ್ಲಿದೆ’ ಎಂಬುದನ್ನು ಉತ್ತರವೆಂದು ನಾವು ಒಪ್ಪುವುದಿಲ್ಲ.