ರವಿವಾರಕ್ಕೊಬ್ಬ ಮಾಸ್ತರ

"ಎಲ್ಲಾ ಮೊಬೈಲ್‌ನಾಗ ಐತಲ್ರಿ, ಮತ್ತ ಸೆಂಟರ್ ಯಾಕ ಬೇಕು?" ದೂರ ಶಿಕ್ಷಣದ ಮಾತು ಬಂದಲ್ಲೆಲ್ಲ ಈ ಪ್ರಶ್ನೆ ತೂರಿಬರುತ್ತದೆ. ಕೇಳುವವರು ಬಹುಮಟ್ಟಿಗೆ ಕಾಲೇಜಿನಲ್ಲಿ ಕೂತು ಓದಿದವರು. ಪಾಠ ತಪ್ಪಿದ ದಿನ ಗೆಳೆಯನ ನೋಟ್ಸ್ ಇಸಕೊಂಡವರು, ಫೀ ಕಟ್ಟುವ ಕಡೆಯ ದಿನವನ್ನು ಯಾರೋ ಕೂಗಿ ಹೇಳಿದ್ದರಿಂದ ಉಳಿದುಕೊಂಡವರು, ಪರೀಕ್ಷೆಯ ಹಿಂದಿನ ಸಂಜೆ ಮಾಸ್ತರರ ಮನೆ ಬಾಗಿಲು ಬಡಿದವರು. ತಮ್ಮ ಡಿಗ್ರಿಯಲ್ಲಿ ಪುಸ್ತಕದ ಪಾಲೆಷ್ಟು, ಪಕ್ಕದವರ ಪಾಲೆಷ್ಟು ಎಂಬ ಲೆಕ್ಕವನ್ನು ಇವರು ಹಾಕಿದಂತಿಲ್ಲ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರಿನಂಥ ಊರುಗಳಲ್ಲಿ ಸಂಸಾರ, ನೌಕರಿ ಹೊತ್ತುಕೊಂಡು ಡಿಗ್ರಿ ಓದಲು ಹೊರಟವರಿಗೆ ಪಾಠದ ಕೊರತೆಯಿಲ್ಲ, ಕೇಳಲು ಒಬ್ಬ ಮನುಷ್ಯ ಸಿಗದ ಕೊರತೆಯಿದೆ. ಆ ಮನುಷ್ಯನನ್ನು ಅವರ ತಾಲ್ಲೂಕಿನಲ್ಲೇ, ಅವರಿಗೆ ಬಿಡುವಿರುವ ರವಿವಾರ, ಸರ್ಕಾರವೇ ಸಂಭಾವನೆ ಕೊಟ್ಟು ಕೂರಿಸಬೇಕು. ಉಳಿದದ್ದೆಲ್ಲ ಆಮೇಲೆ.

ಓದುವವರು ಯಾರೆಂದು ನೋಡಿ. ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಹಟ್ಟಿ ಚಿನ್ನದ ಗಣಿಯಲ್ಲಿ ಈ ವಾರ ಹಗಲು ಪಾಳಿ, ಮುಂದಿನ ವಾರ ರಾತ್ರಿ ಪಾಳಿ ಎಂದು ದುಡಿಯುವವನು. ಪಿಯುಸಿ ಮುಗಿಯುತ್ತಲೇ ಮದುವೆಯಾಗಿ, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಮತ್ತೆ ಪುಸ್ತಕ ತೆರೆದವಳು. ಆಶಾ ಕಾರ್ಯಕರ್ತೆ, ಬಸ್ ಕಂಡಕ್ಟರ್, ಡಿ.ಇಡಿ. ಮೇಲೆ ಸೇರಿ ಬಡ್ತಿಗಾಗಿ ಬಿ.ಎ. ಬೇಕಾದ ಶಿಕ್ಷಕ. ಸಿಂಧನೂರು ಸುತ್ತಲಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳ ಬಂಗಾಳಿ ಮನೆಗಳಲ್ಲಿ ಬೆಳೆದವರು, ಮನೆಯಲ್ಲಿ ಒಂದು ಭಾಷೆ, ಪುಸ್ತಕದಲ್ಲಿ ಇನ್ನೊಂದು. ಇವರಲ್ಲಿ ಹೆಚ್ಚಿನವರ ಮನೆಯಲ್ಲಿ ಡಿಗ್ರಿ ಮಾಡಿದವರು ಮತ್ತೊಬ್ಬರಿಲ್ಲ. ಸೆಮಿಸ್ಟರ್ ಎಂದರೇನು, ಅಸೈನ್‌ಮೆಂಟನ್ನು ಹೇಗೆ ಬರೆಯಬೇಕು, ಒಂದು ವಿಷಯ ಹೋದರೆ ಮುಂದಿನ ವರ್ಷಕ್ಕೆ ಹೋಗಬಹುದೇ ಎಂಬುದನ್ನು ಊಟದ ಹೊತ್ತಿನಲ್ಲಿ ಯಾರನ್ನಾದರೂ ಕೇಳುವ ಅನುಕೂಲವಿಲ್ಲ.

ಹಾಗಾದರೆ ಯಾರನ್ನು ಕೇಳುತ್ತಾರೆ? ಸೈಬರ್ ಸೆಂಟರಿನವನನ್ನು. ನಮ್ಮ ತಾಲ್ಲೂಕುಗಳಲ್ಲಿ ನಿಜವಾದ ಕಲಿಕಾರ್ಥಿ ಸಹಾಯ ಕೇಂದ್ರ ಬಸ್ ಸ್ಟ್ಯಾಂಡ್ ಬಳಿಯ ಆ ಝೆರಾಕ್ಸ್ ಅಂಗಡಿಯೇ. ಪ್ರವೇಶಾತಿ ಅರ್ಜಿ ತುಂಬುವವನು ಅವನು, ಒಟಿಪಿ ಕೇಳುವವನು ಅವನು, ಹಾಲ್ ಟಿಕೆಟ್ ತೆಗೆದುಕೊಡುವವನೂ ಅವನೇ. ಯಾವ ವಿಷಯ ತೆಗೆದುಕೊಳ್ಳಲಿ ಎಂದರೆ "ಹಿಸ್ಟರಿ ಹಿಡೀರಿ, ಪಾಸಾಗ್ತೀರಿ" ಎಂದು ಸಲಹೆಯನ್ನೂ ಕೊಡುತ್ತಾನೆ. ಅವನನ್ನು ನಾನು ದೂರುವುದಿಲ್ಲ. ವಿಶ್ವವಿದ್ಯಾಲಯ ಬಿಟ್ಟ ಜಾಗದಲ್ಲಿ ಅವನು ನಿಂತಿದ್ದಾನೆ. ಆದರೆ ಒಬ್ಬಳು ಮೂರು ವರ್ಷ ಏನನ್ನು ಓದಬೇಕೆಂಬುದನ್ನು ಅರ್ಜಿಯ ಸಾಲು ಸರಿಯುವ ವೇಗದಲ್ಲಿ ನಿರ್ಧರಿಸುವುದು ಶಿಕ್ಷಣವಲ್ಲ.

ಇಷ್ಟು ಕಷ್ಟಪಟ್ಟು ಡಿಗ್ರಿ ಯಾಕೆ ಎನ್ನುವವರು ಸಂವಿಧಾನದ 371ಜೆ ವಿಧಿಯನ್ನು ನೆನೆಯಬೇಕು. 2013ರಲ್ಲಿ ಜಾರಿಗೆ ಬಂದ ಆ ತಿದ್ದುಪಡಿಯಿಂದ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 80ರಷ್ಟು ಇಲ್ಲಿಯವರಿಗೇ ಮೀಸಲು. ಪ್ರಥಮ ದರ್ಜೆ ಸಹಾಯಕನಾಗಲು, ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಓ) ಆಗಲು ಡಿಗ್ರಿ ಬೇಕು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ದಾಟಿದ್ದಾಗ ರಾಯಚೂರು ಜಿಲ್ಲೆಯದು ಶೇ. 60ನ್ನೂ ಮುಟ್ಟಿರಲಿಲ್ಲ, ಹೆಂಗಸರಲ್ಲಿ ಅರ್ಧಕ್ಕರ್ಧ ಅಕ್ಷರವಿಲ್ಲದವರು. ಇಂಥ ಕಡೆ ಕಾನೂನು ಬಾಗಿಲು ತೆರೆದರೂ ಒಳಗೆ ಕಾಲಿಡುವ ಅರ್ಹತೆ ಬಹಳ ಮಂದಿಗೆ ಇರುವುದಿಲ್ಲ. ಇನ್ನೊಂದು ಸಂಗತಿ ಯಾರ ಲೆಕ್ಕಕ್ಕೂ ಬರುತ್ತಿಲ್ಲ. ಸಹಾಯವಿಲ್ಲದೆ ಮೂರು ವರ್ಷದ ಡಿಗ್ರಿ ಆರು ವರ್ಷವಾದರೆ, ಕೈಗೆ ಮಾರ್ಕ್ಸ್ ಕಾರ್ಡ್ ಬರುವ ಹೊತ್ತಿಗೆ ನೇಮಕಾತಿಯ ವಯೋಮಿತಿ ಮುಗಿದಿರುತ್ತದೆ. ಹಳೆಯ ಬ್ಯಾಕ್‌ಲಾಗ್ ಒಂದು ಹಕ್ಕನ್ನೇ ನುಂಗಿಹಾಕುತ್ತದೆ.

ಮೊಬೈಲಿನವರಿಗೆ ಉತ್ತರ ಬೇಕಾದರೆ ಮಸ್ಕಿಯ ಗುಡ್ಡಕ್ಕೇ ಹೋಗಬೇಕು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಜಾಡು ಹುಡುಕುತ್ತ ಬಂದು ಅಲ್ಲಿ ಅಶೋಕನ ಶಾಸನ ಕಂಡ. 'ದೇವಾನಾಂಪ್ರಿಯ' ಎನ್ನಿಸಿಕೊಂಡವನು ಅಶೋಕನೇ ಎಂದು ಮೊದಲು ಹೆಸರು ಹಿಡಿದು ಹೇಳಿದ್ದು ಆ ಕಲ್ಲು. ಶಾಲಾ ಮಕ್ಕಳಿಗೂ ಇಷ್ಟು ಗೊತ್ತು. ಒಳಗೇನು ಬರೆದಿದೆ ಎಂಬುದು ದೊಡ್ಡವರಿಗೂ ಗೊತ್ತಿರುವುದಿಲ್ಲ. ಈ ಏಳಿಗೆ ದೊಡ್ಡವರಿಗಷ್ಟೇ ದಕ್ಕುವಂಥದ್ದೆಂದು ತಿಳಿಯಬೇಡಿ, ಧರ್ಮದಲ್ಲಿ ನಡೆದರೆ ಸಣ್ಣವನಿಗೂ ಸಾಧ್ಯ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಎಂಬುದು ಅದರ ಸಾರ. ಎರಡು ಸಾವಿರ ವರ್ಷಕ್ಕೂ ಹಿಂದಿನ ಈ ಮಾತು ಇಂದಿನ ಮುಕ್ತ ವಿಶ್ವವಿದ್ಯಾಲಯದ ಪ್ರಕಟಣೆಯಂತಿದೆ. ಆದರೆ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಗುಡ್ಡದಡಿ ದನ ಮೇಯಿಸುತ್ತಿದ್ದವನು ಅದನ್ನು ಓದಿದ್ದನೇ? ಅರಸನಿಗೆ ಅದು ತಿಳಿದಿತ್ತು. ಕರ್ನೂಲು ಸೀಮೆಯ ಎರ್ರಗುಡಿ ಶಾಸನದಲ್ಲಿ ರಜ್ಜುಕರೆಂಬ ಅಧಿಕಾರಿಗಳು ನಾಡಿನ ಜನರಿಗೆ ತಿಳಿಸುವ ಅಪ್ಪಣೆಯಿದೆ, ಭೇರಿಯ ಮಾತೂ ಇದೆ. ಕಲ್ಲಿನಲ್ಲಿ ಕೆತ್ತಿಸಿದ ಮಾತ್ರಕ್ಕೆ ತನ್ನ ಕೆಲಸ ಮುಗಿಯಿತೆಂದು ಅಶೋಕ ಕೈ ತೊಳೆದುಕೊಳ್ಳಲಿಲ್ಲ. ವೆಬ್‌ಸೈಟಿಗೆ ಪಿಡಿಎಫ್ ಏರಿಸಿ ಕೈ ತೊಳೆದುಕೊಳ್ಳುವವರು ನಾವು.

ಸಹಾಯ ಕೇಂದ್ರ ಬೇಡ ಎನ್ನುವವರಲ್ಲಿ ಇನ್ನೊಂದು ಬಗೆಯವರಿದ್ದಾರೆ, ಅವರ ಮಾತನ್ನು ನಾನು ಗೌರವದಿಂದ ಕೇಳುತ್ತೇನೆ. ಊರೂರಿಗೆ ಕೇಂದ್ರ ತೆರೆದಾಗ ಏನಾಯಿತೆಂದು ಅವರು ನೆನಪಿಸುತ್ತಾರೆ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಆರಂಭಿಸಿದ ಅಂಚೆ ಶಿಕ್ಷಣ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಎಲ್ಲರಿಗೂ ಎಲ್ಲೆಡೆ ಉನ್ನತ ಶಿಕ್ಷಣ ಎಂಬುದು ಅದರ ಘೋಷವಾಕ್ಯ. ಆ 'ಎಲ್ಲೆಡೆ' ರಾಜ್ಯದ ಗಡಿಯನ್ನೂ ದಾಟಿತು. ಖಾಸಗಿ ಸಂಸ್ಥೆಗಳ ಕೈಗೆ ಕೋರ್ಸು ಕೊಟ್ಟು ಹೊರರಾಜ್ಯಗಳಲ್ಲಿ ನಡೆಸಿದ್ದಕ್ಕೆ, ಅನುಮತಿಯಿಲ್ಲದ ತಾಂತ್ರಿಕ ಕೋರ್ಸುಗಳನ್ನು ತೆರೆದಿದ್ದಕ್ಕೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2015ರ ಜೂನ್‌ನಲ್ಲಿ ಈ ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇಲ್ಲವೆಂದು ಸಾರಿತು. 2013-14ರಿಂದ ಸೇರಿದವರ ಪದವಿ ತೂಗುಯ್ಯಾಲೆಗೆ ಬಿತ್ತು. ಮಾನ್ಯತೆ ಮರಳಿದ್ದು 2018ರಲ್ಲಿ. ಕೇಂದ್ರವೆಂದರೆ ಕಮಿಷನ್ ಅಂಗಡಿ ಎಂಬ ಗುಮಾನಿ ಹುಟ್ಟಿದ್ದು ಸುಮ್ಮನೆ ಅಲ್ಲ.

ಆದರೆ ಅಲ್ಲಿ ಕೆಟ್ಟದ್ದೇನು? ದೂರದ ಊರಿನ ಖಾಸಗಿ ಕೋಣೆಗಳಲ್ಲಿ, ಪ್ರವೇಶಾತಿಯ ತಲೆ ಎಣಿಸಿ ದುಡ್ಡು ಪಡೆಯುವವರ ಕೈಯಲ್ಲಿ ಕೇಂದ್ರವಿತ್ತು. ಶಿಕ್ಷೆ ಅನುಭವಿಸಿದವರಲ್ಲಿ ಅದ್ಯಾವುದಕ್ಕೂ ಸಂಬಂಧವಿಲ್ಲದೆ, ಕನ್ನಡದಲ್ಲಿ ಬಿ.ಎ. ಓದುತ್ತಿದ್ದವರೂ ಇದ್ದರು. ಸಂಬಳದ ಮೇಲೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕೂರುವ ಅಧ್ಯಾಪಕನಿಗೆ ತಲೆ ಎಣಿಸುವ ದರ್ದಿಲ್ಲ. ನಮ್ಮ ಹಳೆಯ ನಂಟಿನ ಹೈದರಾಬಾದಿನಲ್ಲೇ ಇದರ ಮಾದರಿಯಿತ್ತು. 1982ರಲ್ಲಿ ಅಲ್ಲಿ ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ ಆರಂಭವಾದಾಗ ಅದರ ಮೊದಲ ಕುಲಪತಿ ಜಿ. ರಾಮ್ ರೆಡ್ಡಿ ಅಧ್ಯಯನ ಕೇಂದ್ರಗಳನ್ನು ಜಿಲ್ಲೆಗಳ ಕಾಲೇಜುಗಳೊಳಗೇ ಇಟ್ಟರು. ಅವರೇ 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಮೊದಲ ಕುಲಪತಿಯೂ ಆದರು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಪ್ರಾಥಮಿಕ ಶಾಲೆಗೇ ಮಾಸ್ತರರಿಲ್ಲದ ಜಿಲ್ಲೆಯಲ್ಲಿ ದೊಡ್ಡವರ ಡಿಗ್ರಿಗೆ ದುಡ್ಡು ಸುರಿಯುವುದು ಸರಿಯೇ? ಗುಳೆ ಹೋಗುವ ಮನೆಯ ಮಗು ಶಾಲೆ ಬಿಟ್ಟಿರುವಾಗ ಕಂಡಕ್ಟರನ ಬಿ.ಎ. ಯಾಕೆ? ಇದಕ್ಕೆ ಸುಲಭದ ಉತ್ತರವಿಲ್ಲ, ಎರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ನಾನೂ ಮಗುವಿನ ಕಡೆ. ಆದರೆ 2024-25ರಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಿಸಿದ ರಾಜ್ಯದಲ್ಲಿ, ಮೂರು ಊರುಗಳಲ್ಲಿ ವಾರಕ್ಕೊಂದು ದಿನ ಕೆಲವು ಅತಿಥಿ ಉಪನ್ಯಾಸಕರ ಸಂಭಾವನೆ ಮಗುವಿನ ತಟ್ಟೆಯಿಂದ ಬರಬೇಕಾಗಿಲ್ಲ. ಹೊಸ ಕಟ್ಟಡವೊಂದರ ಶಂಕುಸ್ಥಾಪನೆಯ ಶಾಮಿಯಾನದಿಂದ ಬಂದರೂ ಸಾಕು. ಮೇಲಾಗಿ, ತಾಯಿ ಓದುತ್ತಿರುವ ಮನೆಯ ಮಗು ಶಾಲೆ ಬಿಡುವುದು ಕಷ್ಟ.

'ಕರೆಸ್ಪಾಂಡೆನ್ಸ್ ಡಿಗ್ರಿಗೆ ಕಿಮ್ಮತ್ತಿಲ್ಲ' ಎನ್ನುವವರು 2022ರಲ್ಲಿ ಯುಜಿಸಿ ಇದನ್ನು ರೆಗ್ಯುಲರ್ ಡಿಗ್ರಿಗೆ ಸಮವೆಂದು ಹೇಳಿದ್ದನ್ನು ಓದಿಕೊಳ್ಳಲಿ.

2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಪುಕ್ಕಟೆಯಿದೆಯಲ್ಲ, ತರಗತಿಗೆ ರಾಯಚೂರಿಗೇ ಹೋಗಿ ಬರಲಿ ಎನ್ನುವ ಮಾತೂ ಕೇಳಿಬರುತ್ತದೆ. ಶಕ್ತಿ ಯೋಜನೆ ಉಳಿಸುವುದು ಟಿಕೆಟ್ಟಿನ ದುಡ್ಡನ್ನು, ದಿನವನ್ನಲ್ಲ. ಬೆಳಗಿನ ಬಸ್ಸಿಗೆ ಹೋಗಿ ಕತ್ತಲಾದ ಮೇಲೆ ಮನೆ ಸೇರುವವಳಿಗೆ ಅಂದಿನ ಕೂಲಿ ಹೋಯಿತು, ಅತ್ತೆಯ ಮಾತು ಕೇಳಬೇಕಾಯಿತು, ಮಗುವನ್ನು ನೆರೆಮನೆಯಲ್ಲಿ ಬಿಡಬೇಕಾಯಿತು. ಅದೇ ಬಸ್ಸು ಲಿಂಗಸುಗೂರಿನಿಂದ ಮಸ್ಕಿಗೆ, ಸಿಂಧನೂರಿನಿಂದ ಮಸ್ಕಿಗೆ ಬಂದರೆ ಆಕೆ ಮಧ್ಯಾಹ್ನದ ಅಡುಗೆಗೆ ಮನೆಯಲ್ಲಿರುತ್ತಾಳೆ.

ಈ ಭೂಗೋಳದಲ್ಲೇ ಒಂದು ಅನುಕೂಲ ಅಡಗಿದೆ. ಮಸ್ಕಿ ಎರಡೂ ಊರುಗಳ ನಡುವೆ, ಒಂದೇ ರಸ್ತೆಯ ಮೇಲಿದೆ. ಒಂದೊಂದು ತಾಲ್ಲೂಕಿನಲ್ಲಿ ಅರ್ಥಶಾಸ್ತ್ರ ಓದುವವರು ಕೈಬೆರಳೆಣಿಕೆ ಇರಬಹುದು, ಮೂರನ್ನೂ ಕೂಡಿಸಿದರೆ ಒಂದು ತರಗತಿ. ಕನ್ನಡ, ಇತಿಹಾಸದಂಥ ಹೆಚ್ಚು ಜನರ ವಿಷಯಗಳು ಆಯಾ ಊರಿನ ಸರ್ಕಾರಿ ಕಾಲೇಜಿನಲ್ಲಿ, ಕಡಿಮೆ ಜನರವು ಮಸ್ಕಿಯಲ್ಲಿ. ಸಿದ್ಧಪಾಠದ ಒಂದೊಂದು ಪ್ರತಿ ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಇರಲಿ. ಪರೀಕ್ಷಾ ಕೇಂದ್ರವೂ ತಾಲ್ಲೂಕಿನಲ್ಲೇ ಆಗಲಿ, ದಿನಾಂಕ ಗೊತ್ತುಮಾಡುವವರು ಒಮ್ಮೆ ತುಂಗಭದ್ರಾ ಎಡದಂಡೆಯ ಕಡೆಗೂ ನೋಡಲಿ. ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾದ ವಾರ ಸಂಪರ್ಕ ತರಗತಿ ಇಟ್ಟು, 'ಹಾಜರಿ ನಿರಾಶಾದಾಯಕ' ಎಂದು ವರದಿ ಬರೆಯುವುದು ನಾಚಿಕೆಗೇಡು.

ಇದಕ್ಕೆ ಹೊಸ ಕಾಯ್ದೆ ಬೇಡ, ಹೊಸ ಕಟ್ಟಡವೂ ಬೇಡ. ತಗಾದೆ ಬರುವುದು ಬೇರೆ ಕಡೆಯಿಂದ: ಕಟ್ಟಡ ಕಾಲೇಜು ಶಿಕ್ಷಣ ಇಲಾಖೆಯದು, ಕೋರ್ಸು ಮೈಸೂರಿನ ಮುಕ್ತ ವಿಶ್ವವಿದ್ಯಾಲಯದು, ದುಡ್ಡು ಕಲಬುರಗಿಯ ಮಂಡಳಿಯದು. ರವಿವಾರ ಗೇಟಿನ ಕೀಲಿ ಯಾರ ಹತ್ತಿರ ಇರಬೇಕು, ಫ್ಯಾನಿನ ಕರೆಂಟ್ ಬಿಲ್ಲು ಯಾರು ಕಟ್ಟಬೇಕು, ಸಿಪಾಯಿಯ ರಜೆ ಹೋದದ್ದಕ್ಕೆ ಭತ್ಯೆ ಯಾರು ಕೊಡಬೇಕು? ಈ ಮೂವರು ಒಂದು ಮೇಜಿಗೆ ಕೂತು ಬಗೆಹರಿಸಬೇಕಾದದ್ದು ಇಷ್ಟೇ. ಆ ಸಭೆಯನ್ನು ಮೂರೂ ಕ್ಷೇತ್ರದ ಶಾಸಕರು ಮುಂದಿನ ಪ್ರವೇಶಾತಿಗೆ ಮೊದಲೇ ಕರೆಸಲಿ.