ಲೆಕ್ಕಕ್ಕೆ ಸಿಗದ ಪೌಂಡು, ಲೆಕ್ಕ ಕೇಳದ ನಾವು



"ಅಲ್ಲಿ ಎಲ್ಲರೂ ಹಾಗೇ ಮಾಡುವುದು. ನಾವು ಮಾತ್ರ ಎಂತ ಹರಿಶ್ಚಂದ್ರರಾ?"

ಇಂಗ್ಲೆಂಡಿನಲ್ಲಿ ಹ್ಯಾಂಡ್ ಕ್ಯಾಶ್‌ಗೆ ದುಡಿಯುವವರ ವಿಷಯ ಬಂದಾಗಲೆಲ್ಲ ನಮ್ಮಲ್ಲಿ ಕೇಳುವ ಮಾತಿದು. ಈ ಮಾತು ಸುಳ್ಳು. ಇದಕ್ಕೆ ಬೆಲೆ ತೆರುವವರು ನಮ್ಮದೇ ಮಕ್ಕಳು. ಇದನ್ನು ಮನೆಯೊಳಗೆ ಪಿಸುಗುಟ್ಟುವ ಬದಲು ಬಾಯಿಬಿಟ್ಟು ಹೇಳುವ ಕಾಲ ಬಂದಿದೆ.

ಮಂಜೇಶ್ವರ, ಕುಂಬಳೆ, ಬೇಳ ಕಡೆಯ ನಮ್ಮ ಹಿರಿಯರು ಮೊದಲು ಮುಂಬೈಗೆ ಹೋದರು, ಆಮೇಲೆ ಗಲ್ಫಿಗೆ. ಗಲ್ಫಿನಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಹೊರಗಿನಿಂದ ಹೋದ ಕೆಲಸಗಾರನಿಗೆ ಅಲ್ಲಿನ ಸರಕಾರ ಸಹಾಯಧನ ಕೊಡುವುದೂ ಇಲ್ಲ. ಹಾಗಾಗಿ ಆದಾಯ ಮುಚ್ಚಿಡುವ ಪ್ರಶ್ನೆಯೇ ನಮ್ಮ ಮನೆಗಳಲ್ಲಿ ಎದ್ದಿರಲಿಲ್ಲ. ಬ್ರಿಟನ್ ಹಾಗಲ್ಲ. ಅಲ್ಲಿನ ಆಸ್ಪತ್ರೆ, ಶಾಲೆ, ಕೆಲಸ ಕಳೆದುಕೊಂಡವನ ಬಾಡಿಗೆ, ಅಂಗವಿಕಲನ ಊಟ ಎಲ್ಲ ನಡೆಯುವುದು ದುಡಿಯುವವರು ಕಟ್ಟುವ ತೆರಿಗೆಯಿಂದ. ಆ ಊರಿಗೆ ಹೋಗಿ ನೆಲೆಸುವವರು ಈ ಹೊಸ ಲೆಕ್ಕವನ್ನೂ ಕಲಿಯಬೇಕು.

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಒಂದು, ವಿದ್ಯಾರ್ಥಿಯದ್ದು. ಪದವಿ ತರಗತಿಯ ವೀಸಾದಲ್ಲಿ ಹೋದವನು ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಸ್ವಂತ ವ್ಯವಹಾರ ಮಾಡುವಂತಿಲ್ಲ. ಅದನ್ನು ಮೀರಲಿಕ್ಕಾಗಿ ಅಡುಗೆಮನೆಯ ಹಿಂಬಾಗಿಲಿನಿಂದ ನಗದು ತೆಗೆದುಕೊಳ್ಳುವುದು, ಇನ್ನೊಬ್ಬನ ಡೆಲಿವರಿ ಅಕೌಂಟ್ ಬಾಡಿಗೆಗೆ ಪಡೆದು ರಾತ್ರಿಯೆಲ್ಲ ಊಟ ಹಂಚುವುದು ನಡೆಯುತ್ತದೆ. ಎರಡನೆಯದು, ಖಾಯಂ ವಾಸದ ಹಕ್ಕು ಪಡೆದು ನೆಲೆಯೂರಿದವರದ್ದು. ಅವರಿಗೆ ಯೂನಿವರ್ಸಲ್ ಕ್ರೆಡಿಟ್ ಎಂಬ ಸರಕಾರಿ ನೆರವು ಕೇಳುವ ಹಕ್ಕು ಇದೆ. ಆ ನೆರವನ್ನೂ ತೆಗೆದುಕೊಂಡು, ನಗದಿನ ದುಡಿಮೆಯನ್ನೂ ಮುಚ್ಚಿಟ್ಟರೆ ಅದು ವಂಚನೆ. ಒಟ್ಟಿಗೇ ಇರುವ ಗಂಡ ಹೆಂಡತಿ ಕಾಗದದಲ್ಲಿ ಬೇರೆಬೇರೆ ಎಂದು ತೋರಿಸಿದರೆ ಅದೂ ವಂಚನೆಯೇ.

"ಇನ್ನೂರು ವರ್ಷ ನಮ್ಮನ್ನು ದೋಚಿದವರಲ್ವಾ, ನಾವು ಸ್ವಲ್ಪ ತೆಗೆದುಕೊಂಡರೆ ಏನು ಪಾಪ?" ಇದು ಮೊದಲ ಸಮರ್ಥನೆ. ದೇಶಾಭಿಮಾನದ ಅಂಗಿ ತೊಟ್ಟ ಈ ಮಾತು ಯಾರ ಜೇಬು ತುಂಬಿಸುತ್ತದೆ ಎಂದು ನೋಡಿ. 2025ರ ಏಪ್ರಿಲ್‌ನಲ್ಲಿ 21 ವರ್ಷ ದಾಟಿದವರಿಗೆ ಅಲ್ಲಿ ನಿಗದಿಯಾದ ಕನಿಷ್ಠ ಕೂಲಿ ಗಂಟೆಗೆ 12 ಪೌಂಡ್ 21 ಪೆನ್ಸ್. ವರ್ಷಕ್ಕೆ 12,570 ಪೌಂಡ್ ತನಕ ಆದಾಯ ತೆರಿಗೆಯೇ ಇಲ್ಲ. ಅಂದರೆ ನಿಯಮದ 20 ಗಂಟೆ ದುಡಿಯುವ ಹುಡುಗ ಆದಾಯ ತೆರಿಗೆಯೆಂದು ಕಟ್ಟುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಿದ್ದರೆ ಕದ್ದು ಕೊಡುವ ಸಂಬಳದಿಂದ ಉಳಿತಾಯ ಯಾರಿಗೆ? ಕನಿಷ್ಠ ಕೂಲಿ ಕೊಡದೆ, ರಜೆಯ ಸಂಬಳ ಕೊಡದೆ, ವಿಮೆಯ ಪಾಲು ಕಟ್ಟದೆ ಕೆಲಸ ಮಾಡಿಸಿಕೊಳ್ಳುವ ಧಣಿಗೆ. ಆ ಧಣಿ ಎಷ್ಟೋ ಸಲ ಬಿಳಿಯನೂ ಅಲ್ಲ; ನಮ್ಮ ದೇಶದವನೇ, ನಮ್ಮ ಭಾಷೆಯಲ್ಲೇ ಬೈಯುವವನು.

ಕೈ ಸುಟ್ಟುಕೊಂಡರೆ, ಬೆನ್ನು ಹಿಡಿದರೆ, ಎರಡು ವಾರದ ದುಡ್ಡು ಕೊಡದಿದ್ದರೆ ಹುಡುಗ ಯಾರಲ್ಲಿ ದೂರು ಹೇಳುವುದು? ಬಾಯಿಬಿಟ್ಟರೆ ವೀಸಾ ಹೋಗುತ್ತದೆ ಎಂಬ ಹೆದರಿಕೆಯೇ ಧಣಿಯ ಬಂಡವಾಳ. 2016ರ ವಲಸೆ ಕಾನೂನಿನ ಪ್ರಕಾರ ಹಕ್ಕಿಲ್ಲದೆ ದುಡಿಯುವುದೇ ಅಪರಾಧ. ದುಡಿದ ಹಣವನ್ನೂ ಮುಟ್ಟುಗೋಲು ಹಾಕಬಹುದು. ಕೂಲಿಯಾಳಿಗೆ ಕೊಡದೆ ಹಿಡಿದಿಟ್ಟ ಕೂಲಿ ದೇವರಿಗೆ ಮೊರೆಯಿಡುತ್ತದೆ ಎಂದು ಸಂತ ಯಕೋಬರು ತಮ್ಮ ಪತ್ರದ 5ನೇ ಅಧ್ಯಾಯದಲ್ಲಿ ಎಚ್ಚರಿಸಿದ್ದು ಇಂಥ ಧಣಿಗಳನ್ನೇ. ಇದನ್ನು ಇಂಗ್ಲಿಷರ ಮೇಲಿನ ಸೇಡು ಎಂದು ಕರೆದರೆ ನಗಬೇಕೋ ಅಳಬೇಕೋ!

"ಸಾಲ ಇದೆ, ಬೇರೆ ದಾರಿ ಇಲ್ಲ" ಎಂಬುದು ಎರಡನೆಯ ಸಮರ್ಥನೆ. ಇದರಲ್ಲಿ ಸತ್ಯವಿದೆ. 2022ರಲ್ಲಿ ಬ್ರಿಟನ್ ವೃದ್ಧರ ಆರೈಕೆಯ ಕೆಲಸಕ್ಕೆ ವೀಸಾ ಬಾಗಿಲು ತೆರೆದಾಗ ಏಜೆಂಟರಿಗೆ ಲಕ್ಷಗಟ್ಟಲೆ ಸುರಿದು ಹೋದವರಲ್ಲಿ ಎಷ್ಟೋ ಮಂದಿಗೆ ಅಲ್ಲಿ ಇಳಿದ ಮೇಲೆ ಕೆಲಸವೇ ಇರಲಿಲ್ಲ. ಅಂಥವರು ಹಸಿವಿಗೆ ಯಾವುದೋ ಅಡುಗೆಮನೆ ಸೇರಿದರೆ ಅವರ ಮೇಲೆ ಕಲ್ಲೆಸೆಯಲು ನಮಗೆ ಕೈ ಬಾರದಿರಲಿ. ಅವರು ಮೋಸ ಹೋದವರು. ಆದರೆ ಅವರ ಕಣ್ಣೀರಿನ ಹಿಂದೆ ನಿಂತು ತಪ್ಪಿಸಿಕೊಳ್ಳುವ ಇನ್ನೊಂದು ವರ್ಗವಿದೆ: ಖಾಯಂ ವಾಸ ಸಿಕ್ಕಿ, ಮನೆಮಾಡಿಕೊಂಡು, ಆದರೂ ಆದಾಯ ಮುಚ್ಚಿಡುವವರು. ಯೂನಿವರ್ಸಲ್ ಕ್ರೆಡಿಟ್ ದುಡಿಯುವವನನ್ನು ಹೊರಗೆ ದಬ್ಬುವುದಿಲ್ಲ. ದುಡಿದು ಕೈಗೆ ಬರುವ ಒಂದು ಪೌಂಡಿಗೆ ನೆರವಿನಲ್ಲಿ 55 ಪೆನ್ಸ್ ಕಡಿಮೆಯಾಗುತ್ತದೆ, 45 ಪೆನ್ಸ್ ಅವನಿಗೇ ಉಳಿಯುತ್ತದೆ. ಸತ್ಯ ಹೇಳಿ ದುಡಿದವನೂ ಮುಂದೆ ಬರುವಂತೆ ಕಟ್ಟಿದ ವ್ಯವಸ್ಥೆಯಲ್ಲಿ ಸುಳ್ಳು ಹೇಳಲಿಕ್ಕೆ ಬಡತನ ಕಾರಣವಲ್ಲ, ಆಸೆ ಕಾರಣ.

ನಮ್ಮದೇ ಊರಿನ ಅಳತೆಗೋಲು ತೆಗೆದುಕೊಳ್ಳೋಣ. 2024ರ ನವೆಂಬರ್‌ನಲ್ಲಿ ಕೇರಳದ 1,458 ಸರಕಾರಿ ನೌಕರರು ಬಡವರಿಗೆಂದು ಇಟ್ಟ 1,600 ರೂಪಾಯಿಯ ಕ್ಷೇಮ ಪಿಂಚಣಿಯನ್ನು ತಿಂಗಳು ತಿಂಗಳು ಪಡೆಯುತ್ತಿದ್ದುದು ಬಯಲಾಯಿತು. ಅವರಲ್ಲಿ ಗಜೆಟೆಡ್ ಅಧಿಕಾರಿಗಳಿದ್ದರು, ಕಾಲೇಜು ಅಧ್ಯಾಪಕರಿದ್ದರು. ವಿಧವೆಯೊಬ್ಬಳು ಅದೇ ಪಿಂಚಣಿಯ ಬಾಕಿಗೆ ಕಾಯುವಾಗ ಸಂಬಳದವರು ಹೀಗೆ ಮಾಡಬಹುದೇ ಎಂದು ನಾವೆಲ್ಲ ಸಿಟ್ಟಾದೆವು. ಸಿಟ್ಟು ಸರಿಯೇ ಇತ್ತು. ಕಾರು ಇಟ್ಟುಕೊಂಡು ಬಡವರ ಗುಲಾಬಿ ರೇಷನ್ ಕಾರ್ಡು ಹಿಡಿದವನ ಮೇಲೂ ನಮಗೆ ಅದೇ ಸಿಟ್ಟು. ಅದೇ ಕೆಲಸವನ್ನು ನಮ್ಮವನು ಲಂಡನ್ನಿನಲ್ಲೋ ಲೆಸ್ಟರಿನಲ್ಲೋ ಮಾಡಿದರೆ ಅದು ಹೇಗೆ ಜಾಣತನವಾಯಿತು? ಬಡವನ ಪಾಲಿಗೆ ಕೈ ಹಾಕುವುದು ಸಮುದ್ರ ದಾಟಿದ ಮಾತ್ರಕ್ಕೆ ಬೇರೆ ಹೆಸರು ಪಡೆಯುವುದಿಲ್ಲ.

ಇದರ ಪೆಟ್ಟು ಬೀಳುವುದು ಪ್ರಾಮಾಣಿಕರ ಮೇಲೆ. ವೀಸಾದಲ್ಲಿ ಹೋದ ಬಹುಪಾಲು ಭಾರತೀಯರಿಗೆ ಅಲ್ಲಿನ ನೆರವನ್ನು ಮುಟ್ಟುವ ಹಕ್ಕೇ ಇಲ್ಲ. ಅವರ ವೀಸಾದಲ್ಲೇ ಹಾಗೆ ಬರೆದಿರುತ್ತದೆ. ಅದರ ಮೇಲೆ 2024ರ ಫೆಬ್ರವರಿಯಿಂದ ಆರೋಗ್ಯ ಶುಲ್ಕವೆಂದು ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಯಾದರೆ 776 ಪೌಂಡ್ ಮುಂಗಡವಾಗಿ ಕಟ್ಟಿದ್ದಾರೆ. ವಲಸಿಗರೆಲ್ಲ ಕುಳಿತು ತಿನ್ನುವವರು ಎಂದು ಅಲ್ಲಿನ ಕೆಲವು ರಾಜಕಾರಣಿಗಳು ಹೇಳುವುದು ಅನ್ಯಾಯ. ಆದರೆ ಆ ಅನ್ಯಾಯದ ಮಾತಿಗೆ ಪುರಾವೆ ಒದಗಿಸಿಕೊಡುವುದು ಸಿಕ್ಕಿಬಿದ್ದ ಒಬ್ಬ ವಂಚಕ. ರಾತ್ರಿಪಾಳಿ ಮುಗಿಸಿ ಬಸ್ಸಿನಲ್ಲಿ ನಿಂತ ನಮ್ಮ ನರ್ಸ್ ಅಕ್ಕನನ್ನು ಸಂಶಯದ ಕಣ್ಣಿನಿಂದ ನೋಡುವಾಗ ಆ ವಂಚಕ ಅವಳ ಪಕ್ಕ ನಿಲ್ಲುವುದಿಲ್ಲ. ಬಾಗಿಲುಗಳೂ ಒಂದೊಂದೇ ಮುಚ್ಚುತ್ತಿವೆ: 2024ರ ಮಾರ್ಚ್‌ನಿಂದ ಆರೈಕೆ ಕೆಲಸಗಾರರು ಕುಟುಂಬವನ್ನು ಕರೆಸಿಕೊಳ್ಳುವಂತಿಲ್ಲ, 2025ರ ಜುಲೈಯಿಂದ ಆ ಕೆಲಸಕ್ಕೆ ಹೊರದೇಶದಿಂದ ಹೊಸ ನೇಮಕಾತಿಯೇ ಇಲ್ಲ.

ಧರ್ಮಸಭೆ ಈ ವಿಷಯದಲ್ಲಿ ಎರಡೂ ಕಡೆಯವರಿಗೆ ಹೇಳಿದೆ. ಕಥೋಲಿಕ ಧರ್ಮೋಪದೇಶದ 2241ನೇ ಪರಿಚ್ಛೇದ ಶ್ರೀಮಂತ ರಾಷ್ಟ್ರಗಳಿಗೆ ಪರದೇಶಿಯನ್ನು ಬರಮಾಡಿಕೊಳ್ಳುವ ಹೊಣೆ ಹೊರಿಸುತ್ತದೆ. ಅಲ್ಲೇ ವಲಸೆ ಹೋದವನಿಗೂ ಆಶ್ರಯ ಕೊಟ್ಟ ನಾಡಿನ ಕಾನೂನು ಪಾಲಿಸಿ ಅದರ ಭಾರಕ್ಕೆ ಹೆಗಲು ಕೊಡುವ ಕರ್ತವ್ಯ ನೆನಪಿಸುತ್ತದೆ. ತೆರಿಗೆ ತಪ್ಪಿಸುವುದನ್ನು 2409ನೇ ಪರಿಚ್ಛೇದ ಏಳನೆಯ ಆಜ್ಞೆಯ ಕೆಳಗೆ, ಅಂದರೆ ಕಳ್ಳತನದ ಸಾಲಿನಲ್ಲಿ ಇಟ್ಟಿದೆ. ಸೆರೆಯಾಗಿ ಬಾಬಿಲೋನಿಗೆ ಹೋದ ಜನರಿಗೇ ಆ ಊರಿನ ಕ್ಷೇಮಕ್ಕಾಗಿ ದುಡಿಯಿರಿ ಎಂದು ಪ್ರವಾದಿ ಯೆರೆಮೀಯ ಬರೆದ. ನಾವೋ ಸೆರೆಯಾಗಿ ಹೋದವರಲ್ಲ, ಟಿಕೆಟ್ ತೆಗೆದು ಹೋದವರು.

ಈಗ ಊರಿನಲ್ಲಿ ಉಳಿದ ನಮ್ಮ ಸರದಿ. ಕೆಂಪುಕಲ್ಲಿನ ಕೋರೆಯಲ್ಲಿ, ಮನೆ ಕಟ್ಟುವ ಜಾಗದಲ್ಲಿ ಬಂಗಾಳದ, ಬಿಹಾರದ ಹುಡುಗರಿಗೆ ಹೆಸರು ಬರೆಯದೆ, ಚೀಟಿ ಕೊಡದೆ, ಬಿದ್ದರೆ ಕೈತೊಳೆದುಕೊಳ್ಳುವ ಹಾಗೆ ನಗದು ಕೊಡುವವರು ನಾವೇ ಅಲ್ವಾ? ನಮ್ಮ ಮಗ ಅಲ್ಲಿ ಅನುಭವಿಸುವುದನ್ನು ನಾವು ಇಲ್ಲಿ ಇನ್ನೊಬ್ಬರ ಮಗನಿಗೆ ಮಾಡುತ್ತಿದ್ದೇವೆ. ಹಬ್ಬದ ಪ್ರಾಯೋಜಕರ ಹೆಸರು ಓದುವಾಗ ಮೊತ್ತ ನೋಡಿ ಚಪ್ಪಾಳೆ ತಟ್ಟುತ್ತೇವೆ, ಮೂಲ ಕೇಳುವುದಿಲ್ಲ. ಹುಡುಗ ವಿಮಾನ ಇಳಿದ ತಿಂಗಳೇ ಸಾಲದ ಕಂತು ಅವನ ತಲೆಗೆ ಕಟ್ಟುತ್ತೇವೆ. 20 ಗಂಟೆಯ ಸಂಬಳದಲ್ಲಿ ಬಾಡಿಗೆ, ಊಟ, ಕಂತು ಎಲ್ಲ ಹೇಗೆ ಆಗುತ್ತದೆ ಎಂದು ಕಾಗದದಲ್ಲಿ ಕೂಡಿಸಿ ನೋಡುವುದಿಲ್ಲ.

ಆದ್ದರಿಂದ ಮೂರು ಕೆಲಸ ಆಗಲಿ. ಹೊರಡುವ ಮೊದಲು ಪ್ರತಿ ವಾಳೆಯಲ್ಲಿ ಆ ಲೆಕ್ಕ ಕೂಡಿಸಿ ತೋರಿಸುವವರಿರಲಿ. ರಜೆಗೆ ಬಂದವರು ಫೋಟೋ ಮಾತ್ರ ತೋರಿಸದೆ ನಿಜ ಹೇಳಲಿ. ವೀಸಾ ಏಜೆಂಟರಿಗೆ ಇಗರ್ಜಿಯ ಸಭಾಂಗಣ, ಹಬ್ಬದ ಬ್ಯಾನರ್ ಬಿಟ್ಟುಕೊಡುವುದು ನಿಲ್ಲಲಿ. ಸಿಕ್ಕಿಹಾಕಿಕೊಂಡವರನ್ನು ಹೀಯಾಳಿಸದೆ ದಾರಿ ತೋರಿಸೋಣ: ಸಿಟಿಜನ್ಸ್ ಅಡ್ವೈಸ್ ಎಂಬ ಸಂಸ್ಥೆ ಅಲ್ಲಿ ಉಚಿತವಾಗಿ ಸಲಹೆ ಕೊಡುತ್ತದೆ. ಮುಚ್ಚಿಟ್ಟು ನೆರವು ಪಡೆದವರು ತಾವಾಗಿಯೇ ತಿಳಿಸಿ ಮರಳಿಸಲಿ. ಜಕ್ಕಾಯ ಯೇಸುವಿನ ಮುಂದೆ ಬರೀ ಕಣ್ಣೀರು ಹಾಕಲಿಲ್ಲ. ಬಡವರಿಗೆ ಅರ್ಧ ಆಸ್ತಿ, ಮೋಸ ಹೋದವರಿಗೆ ನಾಲ್ಕು ಪಟ್ಟು ಎಂದು ಲೆಕ್ಕ ಹೇಳಿದ.

ಅಪ್ಪ ಅಮ್ಮಂದಿರೇ, ಈ ಭಾನುವಾರ ಮಗನ ವಿಡಿಯೋ ಕಾಲ್ ಬಂದಾಗ "ಈ ತಿಂಗಳು ಎಷ್ಟು ಕಳಿಸ್ತಿ?" ಎಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಿ: "ಸಂಬಳದ ಚೀಟಿ ಕೊಡ್ತಾರಾ ಮಗಾ?"