ಬಾಡಿಗೆಯ ವಠಾರದಲ್ಲಿ ಒಬ್ಬ ಆಳು

ಅಚ್ಚಾದ ಲಗ್ನಪತ್ರಿಕೆಯನ್ನು ಯಾರೂ ಓದಬಹುದು. ಓದಿದವನು ಏನನ್ನಾದರೂ ಕೇಳಿದರೆ ಅದು ಮರುತ್ತರ ಕೊಡಲಾರದು. 1990ರ ದಶಕದ ಆರಂಭದಲ್ಲಿ ಬಹುಪಾಲು ಜಾಲತಾಣಗಳೂ ಹೀಗೆಯೇ ಇದ್ದುವು. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್.ಸಿ.ಎಸ್.ಎ. ಕೇಂದ್ರದವರು ಸಿ.ಜಿ.ಐ. ಎಂಬ ಕಟ್ಟಳೆಯನ್ನು ರೂಪಿಸಿದ ಮೇಲೆ ಪುಟದ ಹಿಂದೆ ಒಬ್ಬ ಆಳನ್ನು ನಿಲ್ಲಿಸಿದಂತಾಯಿತು. ಓದುಗನು ನಮೂನೆಯನ್ನು ತುಂಬಿ ಗುಂಡಿಯನ್ನೊತ್ತಿದರೆ, ಸರ್ವರ್ ಆ ವಿವರಗಳನ್ನು ಪುಟ್ಟದೊಂದು ಪ್ರೋಗ್ರಾಮಿನ ಕೈಗೆ ಕೊಡುತ್ತದೆ. ಅದು ಲೆಕ್ಕ ಮಾಡಿಯೋ ಪತ್ರ ಬರೆದೋ, ಉತ್ತರವನ್ನು ಹೊಸ ಪುಟವಾಗಿ ಹಿಂದಿರುಗಿಸುತ್ತದೆ. ಇದೇ ಸ್ಕ್ರಿಪ್ಟ್.

ಸರ್ವರನ್ನು ಸ್ವಂತಕ್ಕೆ ಸಾಕುವುದು ಎಲ್ಲರ ಅಳವಲ್ಲ. ವಠಾರದಲ್ಲಿ ಕೋಣೆ ಹಿಡಿಯುವಂತೆ ಒಂದೇ ಯಂತ್ರದಲ್ಲಿ ಹಲವರು ಜಾಗವನ್ನು ಬಾಡಿಗೆಗೆ ಪಡೆಯುತ್ತಾರೆ. ವಠಾರವೆಂದ ಮೇಲೆ ಕಟ್ಟುಪಾಡುಗಳು ಬೇಡವೇ? ಸಿ.ಜಿ.ಐ. ಸ್ಕ್ರಿಪ್ಟನ್ನು ಸಾಮಾನ್ಯವಾಗಿ 'ಸಿಜಿಐ-ಬಿನ್' ಎಂಬ ಗೊತ್ತಾದ ಜಾಗದಲ್ಲಿಟ್ಟು, 755 ಎಂಬ ಅನುಮತಿಯನ್ನು ಕೊಡಬೇಕು. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1. ಮೂರೂ ಕೂಡಿ ಯಜಮಾನನಿಗೆ 7, ಬರೆಯುವ ಹಕ್ಕಿಲ್ಲದ ಇತರರಿಗೆ 5. ಕೆಲಸ ಕೆಟ್ಟಾಗ ಹೊಸಬರು ಬೇಸತ್ತು 777 ಎಂದು ಬರೆದುಬಿಡುವುದುಂಟು. ಬೀಗದ ಕೈಯನ್ನು ಹಜಾರದಲ್ಲಿ ತೂಗುಹಾಕಿ ಊರಿಗೆ ಹೋದಂತೆ! ಎಷ್ಟೋ ಸರ್ವರುಗಳು ಅಂಥ ಸ್ಕ್ರಿಪ್ಟನ್ನು ನಡೆಸಲು ಒಪ್ಪುವುದೇ ಇಲ್ಲ.

ಇದಕ್ಕಿಂತಲೂ ಕಾಡುವುದು ಕಣ್ಣಿಗೆ ಕಾಣದ ಒಂದು ಗುರುತು. ಸಾಲು ಮುಗಿಯಿತೆನ್ನಲು ವಿಂಡೋಸ್ ಎರಡು ಗುರುತುಗಳನ್ನಿಡುತ್ತದೆ, ಲಿನಕ್ಸ್ ಒಂದನ್ನು. ಪರ್ಲ್ ಭಾಷೆಯ ಸ್ಕ್ರಿಪ್ಟಿನಲ್ಲಿ ಮೊದಲ ಸಾಲೇ ಪರ್ಲ್ ಇರುವ ಜಾಗದ ವಿಳಾಸ. ವಿಂಡೋಸಿನಲ್ಲಿ ಬರೆದುದನ್ನು ಹಾಗೆಯೇ ಲಿನಕ್ಸ್ ಸರ್ವರಿಗೆ ಕಳಿಸಿದರೆ, ಹೆಚ್ಚಿನ ಗುರುತು ವಿಳಾಸಕ್ಕೆ ಅಂಟಿಕೊಳ್ಳುತ್ತದೆ. ಸರ್ವರ್ ಇಲ್ಲದ ಮನೆಯನ್ನು ಹುಡುಕಿ ಸೋತು '500' ಎಂಬ ದೋಷಸಂಖ್ಯೆಯನ್ನು ಮುಂದೊಡ್ಡುತ್ತದೆ. ಬರೆದವನು ನಿರ್ದೋಷಿ ಸಾಲುಗಳನ್ನೆಲ್ಲ ತಿದ್ದುತ್ತ ಇರುಳು ಕಳೆಯುತ್ತಾನೆ. ಸರ್ವರ್ ಬರೆದಿಡುವ ದೋಷಗಳ ದಾಖಲೆಯನ್ನು ಮೊದಲೇ ತೆರೆದು ನೋಡುವವನಿಗೆ ನಿದ್ದೆಯಾದರೂ ಉಳಿದೀತು.

ಆದರೆ ಓಡದ ಸ್ಕ್ರಿಪ್ಟಿನಿಂದ ಆಗುವ ಹಾನಿ ಅಲ್ಪ. ಚೆನ್ನಾಗಿ ಓಡಿ ಕೆಟ್ಟ ಹೆಸರು ತಂದುದು ಫಾರ್ಮ್‌ಮೇಲ್. 1995ರಲ್ಲಿ ಮ್ಯಾಟ್ ರೈಟ್ ಎಂಬ ತರುಣನು ಉಚಿತವಾಗಿ ಹಂಚಿದ ಈ ಸ್ಕ್ರಿಪ್ಟ್, ನಮೂನೆಯಲ್ಲಿ ತುಂಬಿದುದನ್ನು ತಾಣದ ಒಡೆಯನಿಗೆ ಇ-ಮೇಲಾಗಿ ಕಳಿಸುತ್ತಿತ್ತು. ಆದರೆ ಪತ್ರ ಯಾರಿಗೆ ಹೋಗಬೇಕೆಂಬುದನ್ನು ಓದುಗನ ಕೈಸೇರುವ ಪುಟದೊಳಗೇ ಅಡಗಿಸಿಟ್ಟಿದ್ದರು. ಕುತಂತ್ರಿಗಳು ಆ ವಿಳಾಸವನ್ನು ಬದಲಿಸಿ, ಪರರ ಸರ್ವರಿನಿಂದ ರಾಶಿರಾಶಿ ಜಾಹೀರಾತು ಪತ್ರಗಳನ್ನು ರವಾನಿಸಿದರು. ಇಂಥ ಯಂತ್ರ ಕಪ್ಪುಪಟ್ಟಿಗೆ ಸೇರಿದರೆ, ಏನೂ ಅರಿಯದ ನೆರೆಯ ಬಾಡಿಗೆದಾರರ ಪತ್ರಗಳೂ ತಿರಸ್ಕೃತವಾಗುತ್ತವೆ. ಮುಂದಿನ ಆವೃತ್ತಿಗಳಲ್ಲಿ, ಪತ್ರ ಪಡೆಯಬಹುದಾದವರ ಪಟ್ಟಿಯನ್ನು ಸ್ಕ್ರಿಪ್ಟಿನೊಳಗೇ ಕಟ್ಟಿಹಾಕಿದರು.

ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಬಿಡುಗಡೆ ಮಾಡಿದ ಪಿ.ಎಚ್.ಪಿ. ಈ ತೊಡಕುಗಳಲ್ಲಿ ಎಷ್ಟನ್ನೋ ನೀಗಿತು. ಅದರಲ್ಲೇ ಬರೆದ ವರ್ಡ್‌ಪ್ರೆಸ್ಸನ್ನು ಇಂದು ಅನೇಕ ಕಡೆ ಒಂದೆರಡು ಗುಂಡಿಗಳನ್ನೊತ್ತಿ ನೆಲೆಗೊಳಿಸಬಹುದು. ಇಷ್ಟು ಸುಲಭವಾದುದರಿಂದಲೇ, ಒಮ್ಮೆ ಪರೀಕ್ಷಿಸಿ ಬಿಟ್ಟ ಸ್ಕ್ರಿಪ್ಟುಗಳು ಮೂಲೆಯಲ್ಲಿ ಉಳಿದುಬಿಡುತ್ತವೆ. ಯಜಮಾನನು ಮರೆತರೂ, ಹೊರಗಿನಿಂದ ಹೆಸರು ಹಿಡಿದು ಕರೆದವರಿಗೆಲ್ಲ ಅವು ಓಗೊಡುತ್ತಲೇ ಇರುತ್ತವೆ.